ಚರಗದ ಊಟಕ್ಕ ಬಂದಾಕಿ

ಮರಳಿ ಅನ್ನೋ ನಮ್ಮೂರಿನ ಗದ್ದಿ ನೋಡಬೇಕಂದ್ರ ಮುಂಜಾನಿ ನೋಡಬೇಕು. ನೆಲ್ಲಿನ ಮ್ಯಾಲೆ ಮಂಜು ಹಾಲಿನ ಕೆನಿಹಂಗ ಕುಂತಿರ್ತೈತಿ. ಅದರಾಚೆ ಬಂಡೆಗುಡ್ಡಗಳು ತೇಲಿದಂಗ ಕಾಣ್ತಾವ. ಸಣ್ಣ ಕಾಡುಪ್ರಾಣಿ ಹ್ಯಾಂಗ ಬದುಕ್ತಾವ ಅಂತ ತಿಳಕೊಳ್ಳೋದು ನನ್ನ ಕೆಲಸ. ಅದಕ್ಕಂತ ಗುಡ್ಡ ಹತ್ತತೀನಿ, ಬಂಡೆ ಮ್ಯಾಲ ಮಲಗ್ತೀನಿ, ಕಂಡದ್ದನ್ನೆಲ್ಲಾ ಕಥಿ ಮಾಡಿ ಶನಿವಾರ ಶನಿವಾರ ಊರ ಸಾಲಿ ಮಕ್ಕಳಿಗೆ ಓದತೀನಿ. ಇದೂ ಒಂದು ಉದ್ಯೋಗ ಏನು ಅಂತ ನಮ್ಮವ್ವ ಈಗಲೂ ಬೈತಾಳ.

ಆ ವರ್ಷ ಸೀಗಿ ಹುಣ್ಣಿವಿಗೆ ಚಿಗವ್ವನ ಗದ್ದಿಗೆ ಹೋಗಿದ್ದೆ. ತೆನಿ ಹೊತ್ತ ಭೂಮ್ತಾಯಿ ಬಸುರಿ ಅಂತ ಆವತ್ತು ಆಕಿಗೆ ಸೀಮಂತ. ಕಡಬು, ಹೋಳಿಗಿ, ಪಲ್ಯ, ಅನ್ನ ಎಲ್ಲಾ ಕಲಸಿ ಗದ್ದಿಯ ಸುತ್ತ ಚೆಲ್ಲಿಕೋತ ಹೋಗ್ತಾರ. ಅದಕ್ಕ ಚರಗ ಅಂತಾರ. ಚಿಗವ್ವ ಚೆಲ್ಲತಿದ್ದಳು, ನಾನು ನೀರಿನ ತಂಬಿಗಿ ಹಿಡಕೊಂಡು ಹಿಂದ ಹಿಂದ ನಡದಿದ್ದೆ.

ಸ್ವಲ್ಪ ದಿನಕ್ಕ ಬದುವಿನ ಕೆಸರಾಗ ಹೆಜ್ಜಿ ಕಂಡ್ವು. ದುಂಡಗ, ಉಗುರಿನ ಗುರುತಿಲ್ಲ. ನಾಯಿ ಅಲ್ಲ, ನರಿ ಅಲ್ಲ, ಅಡವಿ ಬೆಕ್ಕು. ಒಂದು ಮುಂಜಾನಿ ಖುದ್ದ ಕಂಡಳು. ಉದ್ದ ಕಾಲು, ಗಿಡ್ಡ ಬಾಲ, ಒಣ ಹುಲ್ಲಿನ ಬಣ್ಣ. ಬಾಯಾಗ ಒಂದು ಇಲಿ. ತಾನು ತಿನ್ನಲಿಲ್ಲ, ಕಚ್ಚಿಕೊಂಡು ನೆಲ್ಲಿನೊಳಗ ಹೋದಳು. ಅಂದ್ರ ಒಳಗ ಮರಿ ಅದಾವ. ಚರಗ ಉಣ್ಣಾಕ ಬಂದಾಳ ಅಂದಳು ಚಿಗವ್ವ. ಚರಗಕ್ಕಲ್ಲ, ಇಲಿಗೆ ಬಂದಾಳ ಅಂತ ನಾನು ನಕ್ಕೆ.

ಮಕ್ಕಳಿಗೆ ಅದನ್ನ ವಾರವಾರ ಕಥಿ ಮಾಡಿ ಹೇಳಾಕ ಹತ್ತಿದೆ. ಹಸಿರು ಚಪ್ಪರದ ಮನಿ, ಅದರೊಳಗ ಒಬ್ಬಾಕಿ ತಾಯಿ, ಮ್ಯಾಲೆ ತೆನಿ ಗಾಳಿಗೆ ಸರ್ ಅನ್ನೋ ಸಪ್ಪಳ. ಮುಂದಿನ ಸಾಲಿನ ಒಬ್ಬ ಹುಡುಗಿ ಇದು ಖರೇ ಕಥಿನೋ ಕಟ್ಟಿದ್ದೋ ಅಂತ ಕೇಳಿದಳು. ಖರೇ ಅಂದೆ. ಹಂಗಾದ್ರ ಕಡೀಕ ಏನಾಗ್ತೈತೋ ಅದನ್ನ ಹೇಳಬೇಕು, ಸುಳ್ಳು ಹೇಳಬಾರದು ಅಂತ ಕರಾರು ಹಾಕಿದಳು. ಒಪ್ಪಿಕೊಂಡು ಬಿಟ್ಟೆ.

ಕೊಯ್ಲಿಗೆ ಮಿಷಿನ್ನು ಬಂತು. ನಮ್ಮ ಕಡೆ ಮಿಷಿನ್ನು ಅಂಚಿನಿಂದ ಸುತ್ತು ಹೊಡಕೋತ ನಡುವಿಗೆ ಬರ್ತೈತಿ. ಒಳಗಿದ್ದ ಜೀವ ಎಲ್ಲಾ ಹೆದರಿ ನಡುವ ಸೇರತಾವ, ಕಡೀಕ ಆ ನಡುವನ್ನೂ ಕೊಯ್ದು ಬಿಡ್ತಾರ. ರಸ್ತಿ ಕಡಿಂದ ಪಟ್ಟಿ ಪಟ್ಟಿ ಕೊಯ್ರಿ, ಒಳಗಿನವು ಕಾಲುವಿ ಕಡೆ ಓಡಲಿ, ಆಕಿ ಹೊಕ್ಕಿದ್ದ ಕಾಲುವಿ ದಂಡ್ಯಾಗಿನ ತುಣುಕು ಬಿಡ್ರಿ ಅಂದೆ. ಡ್ರೈವರ್ ಸಿದ್ದಾಪುರದ ಕೊಯ್ಲಿಗೆ ಹೋಗೋ ಅವಸರದಾಗಿದ್ದ. ಮೋಡ ಬ್ಯಾರೆ ಕಟ್ಟಿತ್ತು. ಬೆಕ್ಕಿನ ಸಲುವಾಗಿ ನೆಲ್ಲು ತೋಯಿಸ್ಲೇನು ಅಂತ ಚಿಗವ್ವ ರೇಗಿದಳು.

ಮೊದಲ ಸುತ್ತು ಸುರು ಆತು. ನನಗ ತಲಿ ಕೆಟ್ಟು ಹೋಗಿ ಮಿಷಿನ್ ಮುಂದ ನಿಂತೆ. ಡ್ರೈವರ್ ಇಂಜಿನ್ ಬಂದ್ ಮಾಡಿ ತೆಲುಗಿನ್ಯಾಗ ಬೈದ. ಚಿಗವ್ವ ಓಡಿ ಬಂದು ನನ್ನ ರಟ್ಟಿ ಹಿಡದಳು. ಅಳು ಬಂದಿತ್ತು ನನಗ. ಒಳಗ ಬಾಣಂತಿ ಅದಾಳ ಚಿಗವ್ವಾ ಅಂದೆ, ಅಷ್ಟ. ಆಕಿ ರಟ್ಟಿ ಬಿಟ್ಟು ನೆಲ್ಲಿನ ಕಡೆ ನೋಡಿಕೋತ ನಿಂತಳು. ಆಮ್ಯಾಲೆ ಡ್ರೈವರ್‌ಗೆ ಹೇಳಿದಳು:

"ಚರಗ ಚೆಲ್ಲಿ ಉಣ್ಣಾಕ ಕರದಾಕಿ ನಾನು. ಬಂದಾಕಿ ಮ್ಯಾಲೆ ಮಿಷಿನ್ ಹಾಯಿಸ್ಲೇನಪ್ಪಾ? ಕಾಲುವಿ ದಂಡ್ಯಾಗಿಂದು ಬಿಡು."

ಮಿಷಿನ್ನು ರಸ್ತಿ ಕಡಿಂದ ಹೊಂಟಿತು, ಹಿಂದಿಂದ ಬೆಳ್ಳಕ್ಕಿ ಇಳದ್ವು. ಸಂಜಿಗೆ ಗದ್ದಿ ಬೋಳಾಗಿ, ಕಾಲುವಿ ದಂಡ್ಯಾಗ ಒಂದು ತುಣುಕು ಮಾತ್ರ ನಿಂತಿತ್ತು. ಅದರ ಮ್ಯಾಲೆ ಮಳಿ ಹೊಡೀತು. ನೆಲ್ಲು ಮಲಗಿತು. ಚಿಗವ್ವ ಕುಡಗೋಲು ಮಸಿಯಾಕ ಕುಂತಳು.

ಮಳಿ ನಿಂತ ಮ್ಯಾಲೆ ಕಾಲುವಿ ಏರಿಗೆ ಹೋದ ಹೆಜ್ಜಿ ಕಂಡ್ವು. ದೊಡ್ಡವು, ಅವುಗಳ ಬಾಜೂಕ ಸಣ್ಣವು, ಒಂದರ ಮ್ಯಾಲೊಂದು ಬಿದ್ದು ಕಲಸಿ ಹೋಗಿದ್ದವು. ಎಷ್ಟು ಮರಿ ಅಂತ ತಿಳೀಲಿಲ್ಲ. ಶನಿವಾರ ಮಕ್ಕಳನ್ನ ಕರಕೊಂಡೇ ಗದ್ದಿಗೆ ಹೋದೆ. ಚಿಗವ್ವ ಕುಡಗೋಲು ಹಿಡಕೊಂಡು ಬಿದ್ದ ತೆನಿ ಎತ್ತತಿದ್ದಳು. ಆ ತುಣುಕಿನ ನಡುವ ಹುಲ್ಲು ಒತ್ತಿ ಆಗಿದ್ದ ದುಂಡನ ತಗ್ಗು ಇತ್ತು. ಬರೇ ತಗ್ಗು.

"ಎಲ್ಲಾ ಮರಿ ಉಳದಾವೇನ್ರಿ ಅಕ್ಕಾರ?" ಅಂದಳು ಆ ಹುಡುಗಿ.

ಗೊತ್ತಿಲ್ಲವ್ವ ಅಂದೆ. ಆಕಿ ಮಾರಿ ಸಣ್ಣದಾತು. ಚಿಗವ್ವ ಬಗ್ಗಿದ ತಲಿ ಎತ್ತಲಾರದನ ಅಂದಳು:

"ಬರೋ ಸೀಗಿ ಹುಣ್ಣಿವಿಗೆ ಚರಗ ಇನ್ನೊಂದೀಟು ಹೆಚ್ಚು ಚೆಲ್ಲೂನು. ಎಷ್ಟು ಮಂದಿ ಬರ್ತಾರ ನೋಡೂನು."

ಹುಡುಗಿ ಅಷ್ಟು ದಿನ ತಡೀಲಿಲ್ಲ. ಡಬ್ಬಿ ತಗದು, ರೊಟ್ಟಿ ಮುರದು ತಗ್ಗಿನ್ಯಾಗ ಇಟ್ಟಳು. ಅಡವಿ ಬೆಕ್ಕು ರೊಟ್ಟಿ ತಿನ್ನೂದಿಲ್ಲ ಅನ್ನಾಕ ನಾನು ಬಾಯಿ ತಗದೆ. ಆಗ ಹೊಳೀತು, ರೊಟ್ಟಿಗೆ ಇಲಿ ಬರ್ತಾವ, ಇಲಿಗೆ ಆಕಿ ಬರ್ತಾಳ. ಬಾಯಿ ಮುಚ್ಚಿಕೊಂಡು ಕುಂತು, ಉಳಿದ ರೊಟ್ಟಿ ನಾನೂ ಮುರದೆ.