ಕಣ್ಣಿಗೆ ಕಾಣಬೇಕಾದ ನಷ್ಟ

ಎಂಬತ್ತರ ದಶಕ. ನಾನು ವಿಶ್ವವಿದ್ಯಾಲಯದ ಕೊನೆಯ ವರ್ಷದಲ್ಲಿದ್ದಾಗ, ಬಿಳಿಚೋಡಿನ ನಮ್ಮ ದೊಡ್ಡಮ್ಮನ ನಾಲ್ಕು ಎಕರೆ ನವಣೆ ತೆನೆ ಕಟ್ಟುವ ಮೊದಲೇ ಒಣಗಿತು. ಅವಳು ಅಳುತ್ತ ಕೂರಲಿಲ್ಲ. ಜಗಳೂರು ಸೀಮೆಯಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದಳು: ಕುರಿಮಂದೆಯವರನ್ನು ಕರೆಸಿ ನಾಲ್ಕಾರು ರಾತ್ರಿ ಹೊಲದಲ್ಲೇ ಕುರಿ ತರುಬಿಸಿ ಮೇಯಿಸಿದಳು. ಒಣಗಿದ ದಂಟು ಕುರಿಗೆ, ಹಿಕ್ಕೆಯ ಗೊಬ್ಬರ ಹೊಲಕ್ಕೆ. ಮುಂದಿನ ಬಿತ್ತನೆಯ ಬೀಜಕ್ಕೆ ಮಾತ್ರ ಸರ್ಕಾರ ಸಾರಿದ್ದ ಬೆಳೆ ಪರಿಹಾರವನ್ನೇ ನೆಚ್ಚಿಕೊಂಡಿದ್ದಳು.

ನಷ್ಟ ಪರಿಶೀಲಿಸಲು ಕಂದಾಯ ಇಲಾಖೆಯ ಸಾಹೇಬರು ದಯಮಾಡಿಸಿದ್ದು ಎರಡು ತಿಂಗಳ ಮೇಲೆ. ಜೀಪಿನಿಂದ ಒಂದೇ ಕಾಲನ್ನು ಕೆಳಗಿಟ್ಟು ಬೋಳು ನೆಲವನ್ನು ದಿಟ್ಟಿಸಿದರು.

“ಬೆಳೆ ಎಲ್ಲೈತಮ್ಮ?”

“ಕುರಿ ಮೇದ್ವು, ಸ್ವಾಮಿ.”

“ಕುರಿ ಮೇದ್ರೆ ಅದು ಬರ ಹೆಂಗಾತು? ಮೇವಾತು.”

“ನೀವು ಬರೋಗಂಟ ನಾವು ಉಸಿರು ಹಿಡ್ಕಂಡಿದ್ದೇ ಹೆಚ್ಚು. ಒಣಗಿದ್ದನ್ನೂ ಕಾಯ್ಕೊಂಡು ಕುಂದ್ರಾಕೆ ಆಗ್ತೈತೇನ್ರಿ?”

ಜೊತೆಗಿದ್ದ ಗುಮಾಸ್ತ ಕಿಸಕ್ಕನೆ ನಕ್ಕ. ಸಾಹೇಬರು ‘ಬೀಳು’ ಎಂದು ಬರೆಸಿದರು. ಅಂದರೆ ಆ ವರ್ಷ ಅಲ್ಲಿ ಯಾರೂ ಏನನ್ನೂ ಬಿತ್ತಿಯೇ ಇರಲಿಲ್ಲ! ಪಕ್ಕದ ಹೊಲದ ಒಡೆಯ ಚನ್ನಗಿರಿಯ ಅಡಿಕೆ ವ್ಯಾಪಾರಿ. ಬಿತ್ತಿಸಿ ಹೋದವನು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಅವನ ಅಸಡ್ಡೆ ಹೊಲದ ತುಂಬ ಒಣಗಿ ನಿಂತಿತ್ತು. ಪರಿಹಾರ ಅದಕ್ಕೆ ಸಂದಿತು.

ನಾನು ಕೆರಳಿ ತಾಲ್ಲೂಕು ಕಚೇರಿಗೆ ಅಲೆದೆ. ಮೂರನೆಯ ಸಲ ಅದೇ ಸಾಹೇಬರು ಚಹಾದ ಬಸಿಯಿಂದ ಮುಖವೆತ್ತದೆ ಸುತ್ತೋಲೆಯೊಂದನ್ನು ನನ್ನತ್ತ ತಳ್ಳಿದರು. “ಓದಿದೋರಲ್ರೀ, ಓದ್ಕೊಳ್ರಿ.” ನಷ್ಟವಾದ ಬೆಳೆ ಸ್ಥಳದಲ್ಲಿ ಕಣ್ಣಿಗೆ ಕಾಣುವಂತಿರಬೇಕು ಎಂದಿತ್ತು. ಅದನ್ನು ಕಾಣಲು ಅಧಿಕಾರಿ ಎಷ್ಟು ದಿನದೊಳಗೆ ಬರಬೇಕೆಂಬುದಕ್ಕೆ ಒಂದಕ್ಷರವೂ ಇರಲಿಲ್ಲ. ಹೆಣ ತೋರಿಸದ ಹೊರತು ಸಾವನ್ನು ನಂಬದ, ಆದರೆ ಹೆಣ ಮಣ್ಣಾದ ಮೇಲೆಯೇ ಬಂದಿಳಿಯುವ ಇಂಥ ಆಡಳಿತಕ್ಕೆ ಪರಿಹಾರವೆಂಬ ಪದವನ್ನು ಉಚ್ಚರಿಸುವ ಯೋಗ್ಯತೆಯಾದರೂ ಇತ್ತೆ?

ಮರುವರ್ಷ ದೊಡ್ಡಮ್ಮ ನಮ್ಮ ಮನೆಯಿಂದ ಬೀಜ ಒಯ್ದು ಬಿತ್ತಿದಳು. ಮತ್ತೆ ಒಣಗಿತು. “ಒಂದು ಕಡ್ಡಿಯನ್ನೂ ಮುಟ್ಟಬೇಡ, ಸಾಹೇಬರು ಬಂದು ನೋಡಲಿ” ಎಂದೆ, ಸುತ್ತೋಲೆ ಓದಿದ ಗತ್ತಿನಲ್ಲಿ. ಅಷ್ಟರಲ್ಲಿ ಉತ್ತರೆ ಮಳೆ ಸುರಿಯಿತು. ಊರೆಲ್ಲ ಸತ್ತ ನವಣೆಯನ್ನು ಹರಗಿ ಹುರುಳಿ ಬಿತ್ತತೊಡಗಿತು.

“ಯಕ್ಕಾ, ಹದ ಆರಿ ಹೋಗ್ತೈತೆ. ಎತ್ತು ನಾನು ಹೊಡ್ಕೊಂಡು ಬರ್ತೀನಿ,” ಎಂದು ಬದುವಿನಾಚೆಯಿಂದ ರೈತನೊಬ್ಬ ಕೂಗಿದ.

“ಸುಮ್ನಿರಪ್ಪ, ನಮ್ಮ ಹುಡುಗ ಕಾನೂನು ಓದ್ಕೊಂಡು ಬಂದಾನೆ,” ಎಂದಳು ದೊಡ್ಡಮ್ಮ, ಹೆಮ್ಮೆಯಿಂದಲೇ.

ಜೀಪು ಬಂದದ್ದು ಹುರುಳಿ ಹೂ ಬಿಟ್ಟ ಮೇಲೆ. ಈ ಸಲ ಸಾಹೇಬರು ಒಂದು ಕಾಲನ್ನೂ ಕೆಳಗಿಡಲಿಲ್ಲ.

“ಊರೆಲ್ಲಾ ಹಸಿರೈತೆ. ನಿನ್ನದೊಂದೇ ಒಣಗಿದ್ರೆ ಅದು ಬರ ಅಲ್ಲಮ್ಮ, ಮೈಗಳ್ಳತನ.”

ನಾನು ಸುತ್ತೋಲೆಯ ನಕಲನ್ನು ಮುಂದೆ ಚಾಚಿದೆ. ಜೀಪು ಅದರ ಮೇಲೆ ಧೂಳೆರಚಿ ಹೋಯಿತು.

ಆ ಸಾಹೇಬರನ್ನು ಯಾರೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನನ್ನು ಕೇಳುವ ಹಕ್ಕು ದೊಡ್ಡಮ್ಮನಿಗಿತ್ತು, ಅವಳೂ ಕೇಳಲಿಲ್ಲ. ನಾಲ್ಕು ಎಕರೆ ಒಣ ಕಡ್ಡಿಯ ನಡುವೆ ಒಂದು ದಂಟನ್ನು ಮುರಿದು ನೋಡಿ ಹೇಳಿದಳು:

“ಮಂದೆಯೋರಿಗೆ ಹೇಳಿ ಬಾ, ಮಗಾ. ಕುರಿಗಾದ್ರೂ ಬರೋ ಹೊತ್ತು ಗೊತ್ತಾಗ್ತೈತೆ.”