ಗೇರ್‌ಬಾಕ್ಸಿನ ಹಲ್ಲುನೋವು

ನನ್ನ ಕಾರಿನಲ್ಲಿ ಗೇರ್‌ಬಾಕ್ಸ್ ಎಂಬುದೊಂದು ಇದೆ ಎಂದು ನನಗೆ ಗೊತ್ತಾದದ್ದು ಅದು ಕೆಟ್ಟ ದಿನ. ಗೇರು ಹಾಕುವ ಕೋಲು ಗೊತ್ತಿತ್ತು. ಅದರ ತುದಿಯ ಕರಿಯ ಗುಂಡನ್ನು ದಿನವೂ ಕರವಸ್ತ್ರದಿಂದ ಒರೆಸುತ್ತಿದ್ದೆ. ಆ ಕೋಲು ಕೆಳಗೆ ಎಲ್ಲಿಗೆ ಹೋಗುತ್ತದೆ, ಹೋಗಿ ಅಲ್ಲಿ ಏನು ಮಾಡುತ್ತದೆ ಎಂದು ಮಾತ್ರ ವಿಚಾರಿಸಿದವನಲ್ಲ. ನಮ್ಮ ಹೊಟ್ಟೆಯೊಳಗಿನ ಗುಲ್ಮ, ಪಿತ್ತಕೋಶಗಳ ವಿಷಯದಲ್ಲೂ ನಾವು ಹೀಗೇ ಅಲ್ಲವೆ? ಅವು ಸುಮ್ಮನಿರುವಷ್ಟು ದಿನ ನಾವೂ ಸುಮ್ಮನಿರುತ್ತೇವೆ. ಒಂದು ದಿನ ಡಾಕ್ಟರು ಅವುಗಳ ಹೆಸರು ಹೇಳಿದಾಗ, ಪರವೂರಿನ ನೆಂಟ ಹಾಸಿಗೆ ಸಮೇತ ಬಂದಿಳಿದಂತೆ ಗಾಬರಿ ಬೀಳುತ್ತೇವೆ.

ನಾನು ಬಿ.ಎ., ಬಿ.ಎಲ್. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಏಕೆಂದರೆ ಪಾಳ್ಯ ಹೋಬಳಿಯ ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಹೈಸ್ಕೂಲಿನ ಮೆಟ್ಟಿಲು ಹತ್ತಿದವರೇ ಇಲ್ಲ. ಹಾಸನದಲ್ಲಿ ಮಠದ ಅನ್ನ ಉಂಡು, ಮೈಸೂರಿನಲ್ಲಿ ಒಂದೇ ಕೋಟಿನಲ್ಲಿ ಡಿಗ್ರಿ ಮುಗಿಸಿ, ಬೆಂಗಳೂರಿನಲ್ಲಿ ಲಾ ಓದಿ, ಸಕಲೇಶಪುರದ ಕೋರ್ಟಿನಲ್ಲಿ ವಕೀಲನಾದೆ. ಹೊಸ ಪೈಸೆ ಚಲಾವಣೆಗೆ ಬಂದ ಕಾಲದಲ್ಲಿ, ಎಸ್ಟೇಟ್ ಮಾರಿ ಸೀಮೆಗೆ ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬರ ಹಳೆಯ ಕಾರು ಅಗ್ಗಕ್ಕೆ ಸಿಕ್ಕಿತು. ಅಗ್ಗ ಎಂಬ ಮಾತಿನ ಅರ್ಥ ನನಗೆ ಆಗ ತಿಳಿದಿರಲಿಲ್ಲ. ಕಾಯಿಲೆಯ ಎಮ್ಮೆ, ವ್ಯಾಜ್ಯದ ಜಮೀನು, ದೊರೆಯ ಕಾರು, ಇವು ಮೂರೂ ಅಗ್ಗಕ್ಕೆ ಸಿಗುವುದಕ್ಕೆ ಕಾರಣ ಒಂದೇ ಎಂದು ಆಮೇಲೆ ತಿಳಿಯಿತು.

ಕಾರು ಮನೆಗೆ ಬಂದ ದಿನ ಅಪ್ಪ ಅದರ ಸುತ್ತ ಮೂರು ಸುತ್ತು ಹಾಕಿದ. ಎತ್ತುಗಳನ್ನು ಕೊಳ್ಳುವಾಗ ಅವುಗಳ ಮೈಮೇಲಿನ ಸುಳಿ ನೋಡಿ ಒಳಿತು ಕೆಡುಕು ಹೇಳುವವನು ಅವನು. ಬಾನೆಟ್ಟಿನ ಮೇಲೆ ಕೈಯಾಡಿಸಿ, "ಇದ್ರ ಸುಳಿ ಎಲ್ಲೈತೆ ಮಗ?" ಎಂದು ಕೇಳಿದ. ನಾನು ನಕ್ಕೆ. ದೊರೆಯ ಕಾಲದಿಂದಲೂ ಆ ಕಾರಿಗೆ ಎಣ್ಣೆ ನೀರು ನೋಡುತ್ತಿದ್ದ ಸಕಲೇಶಪುರದ ಇಬ್ರಾಹಿಂ ಸಾಬರು ಮನೆಗೆ ಬಂದು, ಕಾಲಿಡುವ ಕಡೆಯ ಹಲಗೆ ಎತ್ತಿ, ಒಂದು ಬಿರಡೆ ತೆಗೆದು ಎಣ್ಣೆ ಹಾಕಿದ್ದನ್ನು ಅಪ್ಪ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ನೋಡಿದ. ನಾನು ನೋಡಲಿಲ್ಲ. ಆಗ ನಾನು ಕರಿಯ ಗುಂಡು ಒರೆಸುತ್ತಿದ್ದೆನೆಂದು ಕಾಣುತ್ತದೆ.

ಕಾರು ಶೋಕಿಗೆಂದು ಬಂದದ್ದು ನಿಜ. ಆದರೆ ಆ ವರ್ಷ ಅದಕ್ಕೆ ಒಂದು ದೊಡ್ಡ ಕೆಲಸ ಬಿದ್ದಿತ್ತು. ನನ್ನ ತಂಗಿ ಗೌರಳನ್ನು ಹೆತ್ತೂರು ಕಡೆಗೆ ಕೊಟ್ಟಿದ್ದೇವೆ. ನಮ್ಮ ಬೀಗರಿಗೆ ಹತ್ತು ಎಕರೆ ಕಾಫಿ, ಮಾತು ಮಾತ್ರ ನೂರು ಎಕರೆಯದು. ಗೌರ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಕರೆತರುವುದು ನಮ್ಮಲ್ಲಿ ಕೇಳುವ ಪ್ರಶ್ನೆಯೇ ಅಲ್ಲ. ಆದರೆ ಕರೆಯಲು ಹೋದ ಅಪ್ಪನಿಗೆ ಬೀಗರು ಹೇಳಿದರಂತೆ:

"ಗಾಡೀಲಿ ಕುಕ್ಕಿಸ್ಕೊಂಡು ಹೋಗೋಕೆ ಇದೇನು ರಾಗಿ ಮೂಟೇನ? ಬಸ್ಸಿನ ನೂಕಾಟಾನೂ ಬ್ಯಾಡ. ನಿಮ್ಮ ಹುಡುಗ ಕಾರು ತಗಂಡವ್ನಂತಲ್ಲ, ತರ್ಲಿ. ಮಳೆ ಹಿಡಿಯೋದ್ರೊಳಗೆ ಬಂದ್ರೆ ಕಳಿಸ್ತೀವಿ. ಇಲ್ದಿದ್ರೆ ಹೆರಿಗೆ ಇಲ್ಲೇ ಆಯ್ತದೆ ಬುಡಿ."

"ಕಾರಲ್ಲೇ ಬತ್ತೀವಿ ಬೀಗ್ರೆ," ಎಂದು ಅಪ್ಪ ಮಾತು ಕೊಟ್ಟು ಬಂದ. ಅವ್ವ ಆಗಲೇ ಬಾಣಂತಿ ಕೋಣೆಗೆ ಸುಣ್ಣ ಬಳಿಸಿದ್ದಳು. ಹೆತ್ತೂರಿನಲ್ಲಿ ಮಳೆ ಹಿಡಿಯಿತೆಂದರೆ ಆ ಮಣ್ಣುರಸ್ತೆಯಲ್ಲಿ ಕಾರಿರಲಿ, ಕತ್ತೆಯೂ ಕಾಲು ಜಾರುತ್ತದೆ. ಮುಂದಿನ ಸೋಮವಾರ ಹೊರಡುವುದೆಂದು ಗೊತ್ತಾಯಿತು.

ಅದರ ಹಿಂದಿನ ಬುಧವಾರ, ಕೋರ್ಟಿಗೆ ಹೊರಟಿದ್ದೆ. ಸಕಲೇಶಪುರ ಇನ್ನೇನು ಬಂತು ಅನ್ನುವಾಗ ಒಂದು ಏರು. ಎರಡನೇ ಗೇರಿಗೆ ತಂದೆ. ಕೆಳಗಿನಿಂದ ಒಂದು ಸದ್ದು ಬಂತು ನೋಡಿ, ಕಬ್ಬಿನ ಗಾಣಕ್ಕೆ ಕಲ್ಲು ಸಿಕ್ಕಿದ ಹಾಗೆ! ಬೆಚ್ಚಿಬಿದ್ದು ಒಂದನೇ ಗೇರಿಗೆ ಹಾಕಿದೆ. ಇನ್ನೊಂದು ಕಲ್ಲು ಸಿಕ್ಕಿತು. ಆಮೇಲೆ ಎಂಜಿನ್ನು ಕೂಗುತ್ತಿದೆ, ಕಾರು ಕದಲುತ್ತಿಲ್ಲ. ಕೋರ್ಟಿಗೆ ನಡೆದು ಹೋಗುತ್ತಿದ್ದ ನನ್ನ ಕಕ್ಷಿದಾರರೂ ಎದುರು ಪಕ್ಷದವರೂ ಅಂದು ಮೊದಲ ಸಲ ಒಮ್ಮತಕ್ಕೆ ಬಂದು ಕಾರನ್ನು ಸಾಬರ ಶೆಡ್ಡಿನವರೆಗೆ ತಳ್ಳಿದರು.

ಸಾಬರು ದೊಡ್ಡ ಗಂಟಲಿನ ಮನುಷ್ಯ. ಯಾವ ಮಾತನ್ನೂ ಇಡೀ ಪೇಟೆಗೆ ಕೇಳದ ಹಾಗೆ ಹೇಳಲಾರರು. ಗೇರ್‌ಬಾಕ್ಸನ್ನು ಇಳಿಸಿ ಬಿಚ್ಚಿ, "ಲಾಯರ್ ಸಾಹೇಬ್ರೆ, ಹಲ್ಲು ಉದುರಿಬಿಟ್ಟಾವೆ!" ಎಂದು ಕೂಗಿದರು. ಎದುರಿನ ಹೋಟೆಲಿನಲ್ಲಿ ಕುಳಿತವರೆಲ್ಲ ನನ್ನ ಬಾಯಿಯ ಕಡೆ ನೋಡಿದರು.

ಬಾಚಣಿಗೆಗೆ ಹಲ್ಲುಂಟು, ಗರಗಸಕ್ಕೆ ಹಲ್ಲುಂಟು ಎಂದು ನನಗೆ ಗೊತ್ತು. ಕಬ್ಬಿಣದ ಗಾಲಿಗೂ ಹಲ್ಲುಂಟು, ಒಂದು ಗಾಲಿಯ ಹಲ್ಲು ಇನ್ನೊಂದರ ಸಂದಿಯಲ್ಲಿ ಕೂತರೇ ಸಂಸಾರ ಸಾಗುವುದು ಎಂಬುದನ್ನು ಅಂದು ಕಣ್ಣಾರೆ ಕಂಡೆ. ಎತ್ತಿನ ಗಾಡಿಗೆ ಈ ತಾಪತ್ರಯವಿಲ್ಲ. ಏರು ಬಂದಾಗ ಎತ್ತು ತಾನೇ ತಲೆ ತಗ್ಗಿಸಿ, ರಸ್ತೆಯಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓರೆಯಾಗಿ ಹತ್ತುತ್ತದೆ. ಗೇರು ಅದರ ಮಿದುಳಿನಲ್ಲೇ ಇದೆ. ಮನುಷ್ಯ ಆ ಬುದ್ಧಿಯನ್ನು ಎತ್ತಿನ ತಲೆಯಿಂದ ತೆಗೆದು ಕಬ್ಬಿಣದ ಡಬ್ಬಿಯಲ್ಲಿಟ್ಟ. ಅಂದಿನಿಂದ ಅದರ ರಿಪೇರಿಯೂ ಅವನ ತಲೆಗೇ ಬಂತು.

"ಎಷ್ಟಾಗುತ್ತೆ ಸಾಬ್ರೆ?" ಎಂದೆ.

ಸಾಬರು ಹೇಳಿದರು. ನಾನು ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಹೇಳಿದರು, ಮೊದಲಿಗಿಂತ ಜೋರಾಗಿ. ಅಲ್ಲೇ ಇದ್ದ ಟೈರಿನ ಮೇಲೆ ಕುಳಿತುಕೊಂಡೆ. ಕಾರಿಗೆ ನಾನು ಕೊಟ್ಟ ಬೆಲೆಗೆ ಅದು ಸ್ವಲ್ಪವೇ ಕಡಿಮೆ. ಅಂದರೆ ನಾನು ಕೊಂಡದ್ದು ಒಂದು ಗೇರ್‌ಬಾಕ್ಸು; ಸೀಟು, ಚಕ್ರ, ಎಂಜಿನ್ನು, ಹಾರನ್ನು ಎಲ್ಲ ದೊರೆ ಪುಕ್ಕಟೆ ಕೊಟ್ಟಂತಾಯಿತು! ಅದೂ ಸಾಮಾನು ಮದ್ರಾಸಿನಿಂದ ಬರಬೇಕು. ಬರುವ ಹೊತ್ತಿಗೆ ಮಳೆ ಹಿಡಿದಿರುತ್ತದೆ.

ವಕೀಲನಿಗೆ ನಷ್ಟವಾದಾಗ ಮೊದಲು ಹೊಳೆಯುವುದು ಪ್ರತಿವಾದಿ ಯಾರು ಎಂಬುದು. "ಎಣ್ಣೆ ಹಾಕಿದವರು ನೀವು. ಹೊಣೆಯೂ ನಿಮ್ಮದೇ. ನೋಟೀಸು ಕೊಡ್ತೀನಿ," ಎಂದೆ.

"ಕೊಡಿ ಸ್ವಾಮಿ, ಇಪ್ಪತ್ತು ಕೊಡಿ, ಗೋಡೆಗೆ ಅಂಟಿಸ್ಕೊಂಡೇನು. ಆದ್ರೆ ಖುದಾನ ಆಣೆ, ನಾನು ಹಾಕಿದ್ದು ಇದಲ್ಲ. ಇದ್ಯಾವ ಹಲ್ವ ಅಂತ ನಂಗೇ ತಿಳೀವಲ್ದು," ಎಂದು ಸಾಬರು ಡಬ್ಬಿಯೊಳಗೆ ಬೆರಳು ಅದ್ದಿ ನನ್ನ ಮುಂದೆ ಹಿಡಿದರು. ಕಪ್ಪಗೆ, ಮಂದಗೆ, ಕೈಗಂಟುವ ಗಂಜಿಯಂಥದು. ಬೆರಳ ನಡುವೆ ತಿಕ್ಕಿದರೆ ನೊರಜು ನೊರಜು.

ನಾನು ಮೂಸಿದೆ. ಅಷ್ಟೆ. ಇನ್ನೊಮ್ಮೆ ಮೂಸುವ ಅಗತ್ಯವೇ ಬೀಳಲಿಲ್ಲ.

ಆ ವಾಸನೆ ನನಗೆ ಗೊತ್ತು. ಚಿಕ್ಕಂದಿನಲ್ಲಿ ಗಾಡಿಯ ಹಿಂದೆ ಜೋತಾಡಿಕೊಂಡು ಹೋದವನು ನಾನು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ ಮಾಡುವ ಕೀಲೆಣ್ಣೆ. ಗಾಡಿಯ ಅಚ್ಚಿಗೆ ಹಚ್ಚುವುದು ಅದನ್ನೇ. ಕೈಗೆ ಅಂಟಿದರೆ ಮೂರು ದಿನ ಊಟದ ತಟ್ಟೆಯಲ್ಲೂ ಅದರದೇ ವಾಸನೆ. ಸಾಬರಿಗೆ ಏನೂ ಹೇಳದೆ, ಕೋರ್ಟಿಗೂ ಹೋಗದೆ, ಬಸ್ಸು ಹತ್ತಿ ಊರಿಗೆ ಬಂದೆ.

ದಾರಿಯುದ್ದಕ್ಕೂ ಪಾಟೀಸವಾಲು ಸಿದ್ಧ ಮಾಡಿಕೊಂಡೆ. ಸುಳಿವು ಕೊಡದೆ ಕೇಳಬೇಕು, ಒಂದೊಂದೇ ಸಾಕ್ಷಿಯನ್ನು ಸುತ್ತುವರಿದು ಬಾಯಿ ಬಿಡಿಸಬೇಕು. ಮನೆಯ ಆಳುಗಳ ಮೇಲೆ ಅನುಮಾನವಿತ್ತು. ಜಗುಲಿಯಲ್ಲಿ ಅಪ್ಪ ಹಗ್ಗ ಹೊಸೆಯುತ್ತಿದ್ದ. "ಕಾರಿಗೆ ಯಾರಾದ್ರೂ ಏನಾದ್ರೂ ಹಾಕಿದ್ರಾ?" ಎಂದು ತೀರ ಸಾಧಾರಣ ದನಿಯಲ್ಲಿ ಶುರುಮಾಡಿದೆ.

"ಹೂಂ, ನಾನೇ ಹಾಕ್ದೆ ಕಣಪ್ಪ," ಎಂದ ಅಪ್ಪ, ಹೊಸೆಯುವುದನ್ನು ನಿಲ್ಲಿಸದೆ. "ಗೌರ ಕೂತ್ಕೊಳ್ಳೋ ಗಾಡಿ, ಕಿರ್ ಅನ್ಬಾರ್ದು, ಎಳೀಬಾರ್ದು. ಸಾಬ ಹಾಕಿದ್ದು ನೀರ್ನೀರಂಗಿತ್ತು. ಅದ್ನ ಕೆಳಕ್ಕೆ ಬಸ್ದು, ಒಳ್ಳೇ ಮನೇ ಹರಳೆಣ್ಣೇಲಿ ಹುಲ್ಲುಬೂದಿ ಕಲ್ಸಿ ಗೊಟ್ಟದಲ್ಲಿ ಕುಡಿಸ್ಬುಟ್ಟೆ. ತಗಂಡ್ತು ಮಗ, ಎಷ್ಟ್ ಹಾಕಿದ್ರೂ ತಗಂಡ್ತು!"

ಗೊಟ್ಟವೆಂದರೆ ಎತ್ತಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆ. ಅದನ್ನು ಒಳಗಿನಿಂದ ತಂದು ಹೆಮ್ಮೆಯಿಂದ ತೋರಿಸಿದ. ನನ್ನ ಓದಿನಲ್ಲಿ ಇದಕ್ಕೆ ಒಂದು ಶಬ್ದವಿರಲಿಲ್ಲ. ಪ್ರತಿವಾದಿ ಸಿಕ್ಕಿದ್ದ, ತಪ್ಪೊಪ್ಪಿಗೆಯೂ ಸಿಕ್ಕಿತ್ತು, ವಸ್ತುಸಾಕ್ಷಿ ಅವನ ಕೈಯಲ್ಲೇ ಇತ್ತು. "ಸರಿ" ಎಂದು ಹೇಳಿ ಕೈಕಾಲು ತೊಳೆಯಲು ಹೋದೆ.

ಮರುದಿನ ಸಾಬರ ಮುಂದೆ ಕೈಮುಗಿದು ನಿಂತು, ಇದ್ದದ್ದನ್ನು ಹೇಳಿದೆ. ಅವರು ನಕ್ಕ ನಗು ಹೇಮಾವತಿಯ ಆಚೆ ದಡಕ್ಕೂ ಕೇಳಿಸಿರಬೇಕು. ನಕ್ಕು ಮುಗಿದ ಮೇಲೆ, "ತಂಗಮ್ಮನ್ನ ಕರೀಬೇಕು ಅಂತೀರಿ, ಸೋಮವಾರ ಅಂತೀರಿ," ಎಂದು ತಲೆ ಕೆರೆದುಕೊಂಡರು. "ಒಂದು, ಎರಡು ಸತ್ತುಹೋಗ್ಯಾವೆ. ಮೂರನೇದು ಟಾಪ್ ಗೇರು, ಅದೂ ರಿವರ್ಸೂ ಗಟ್ಟಿ ಐತೆ. ಉದುರಿದ್ದನ್ನೆಲ್ಲ ತೆಗೆದು, ತೊಳ್ದು, ಒಳ್ಳೇ ಎಣ್ಣೆ ಹಾಕಿಕೊಡ್ತೀನಿ. ಇಳಿಜಾರು, ಮಟ್ಟಸಕ್ಕೆ ಟಾಪ್. ಏರು ಬಂತೋ, ಟಾಪ್‌ಗೆ ಹತ್ತೋ ತಾಕತ್ತಿಲ್ಲ, ರಿವರ್ಸ್‌ಗೆ ಐತೆ; ತಿರುಗಿಸಿ ರಿವರ್ಸಲ್ಲಿ ಹತ್ತಿ."

"ಹೆತ್ತೂರಿಗಾ? ಹಿಂದುಮುಂದಾಗಿಯಾ?"

"ಬೆಟ್ಟಕ್ಕೇನು ಸ್ವಾಮಿ, ನಿಮ್ಮ ಮುಖ ಎತ್ಲಾಗೈತೆ ಅಂತ ನೋಡ್ತದಾ?"

ಹೀಗೆ ಒಬ್ಬ ಬಿ.ಎ., ಬಿ.ಎಲ್., ಕೋಟು ಟೈ ಹಾಕಿಕೊಂಡು, ಕುತ್ತಿಗೆಯನ್ನು ಗೂಬೆಯಂತೆ ತಿರುಗಿಸಿಕೊಂಡು, ಹಿಮ್ಮುಖವಾಗಿ ಹೆತ್ತೂರಿನ ಬೆಟ್ಟ ಹತ್ತಿದ. ಪ್ರತಿ ಏರಿನಲ್ಲೂ ಅಪ್ಪ ಇಳಿದು, ಚಕ್ರಕ್ಕೆ ಕೊಡಲು ಒಂದು ಕಲ್ಲು ಹಿಡಿದುಕೊಂಡು, ಗಾಡಿಯ ಜೊತೆ ನಡೆಯುವವನಂತೆ ಪಕ್ಕದಲ್ಲೇ ನಡೆದ. "ಏನಾಗೈತೆ ಇದಕ್ಕೆ?" ಎಂದು ಒಮ್ಮೆಯೂ ಕೇಳಲಿಲ್ಲ. ಕಾಫಿ ತೋಟದ ಆಳುಗಳು ಲೈನ್ ಮನೆಗಳಿಂದ ಹೊರಗೆ ಬಂದು ನೋಡಿದರು. ಒಬ್ಬಳು ಮುದುಕಿ, "ವಾಪಸ್ ಹೋಯ್ತಾ ಅವ್ರೋ, ಬತ್ತಾ ಅವ್ರೋ?" ಎಂದು ಪಕ್ಕದವಳನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ನನಗೂ ಖಚಿತವಿರಲಿಲ್ಲ.

ಬೀಗರ ಮನೆ ದಿಬ್ಬದ ಮೇಲಿದೆ. ನಮ್ಮ ಕಾರಿನ ಬೆನ್ನು ಮೊದಲು ಅವರ ಅಂಗಳ ಹೊಕ್ಕಿತು. ಬೀಗರು ಎಲೆಯಡಿಕೆ ಜಗಿಯುವುದನ್ನು ಬಿಟ್ಟು ಎದ್ದು ನಿಂತರು.

"ಇದೇನ್ರೀ ವಕೀಲ್ರೇ, ಹಿಂದ್ಲಿಂದ ಬತ್ತಿದೀರಿ?"

ಇವತ್ತು ಕಾರು ಕೆಟ್ಟಿದೆ ಎಂದರೆ ಗೌರಳನ್ನು ಕಳಿಸುವುದಿಲ್ಲ. ಸುಳ್ಳು ಹೇಳಲು ಕೋರ್ಟಿನಲ್ಲಾದರೆ ಒಂದು ವಾಯಿದೆ ಸಿಗುತ್ತದೆ, ಇಲ್ಲಿ ಅದೂ ಇಲ್ಲ. ಅಷ್ಟರಲ್ಲಿ ಅಪ್ಪ ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಬೇಲಿಯಾಚೆ ಎಸೆದು ಮುಂದೆ ಬಂದ.

"ಬಸುರಿ ಹೆಣ್ಣು ಕೂತ್ಮೇಲೆ ಗಾಡಿ ಹಿಂದೆ ಮುಂದೆ ಎಳೆದಾಡಿ ತಿರುಗಿಸ್ಬಾರ್ದು ನೋಡಿ ಬೀಗ್ರೆ. ಅದಕ್ಕೆ ಮೂತಿ ತವರಿನ ಕಡೀಕ್ ಮಾಡ್ಕಂಡೇ ತಂದೀವಿ. ಹತ್ತೋದು, ಹೊರಡೋದು. ನಿಮ್ಮ ಕಡೆ ಹಂಗೆ ಮಾಡಲ್ವಾ?"

ಬೀಗರು ಒಂದು ಗಳಿಗೆ ಯೋಚಿಸಿದರು. ಗೊತ್ತಿಲ್ಲ ಎನ್ನುವ ಜಾತಿಯವರಲ್ಲ. "ಮಾಡ್ದೆ ಏನು, ಮಾಡ್ತೀವಿ," ಎಂದರು.

ಗೌರ ಮಡಿಲು ತುಂಬಿಸಿಕೊಂಡು ಬಂದು ಕುಳಿತಳು. ದಿಬ್ಬದ ಇಳಿಜಾರಿನಲ್ಲಿ ಕಾರು ತಾನಾಗಿ ಉರುಳಿತು, ಟಾಪ್ ಗೇರಿಗೆ ಹಾಕಿದೆ, ಹೂವಿನಂತೆ ಹೊರಟಿತು. ವಾಪಸು ದಾರಿಯಲ್ಲಿ ಇಳಿಜಾರೇ ಹೆಚ್ಚು. ಎರಡು ಏರು ಬಂದವು. ಹಿಮ್ಮುಖವಾಗಿ ಹತ್ತುವಾಗ ಗೌರ ಹೆತ್ತೂರಿನ ಬೆಟ್ಟಗಳನ್ನೇ ನೋಡುತ್ತಾ, "ಅಣ್ಣ, ತವರಿಗೆ ಹೋಗ್ತಿದ್ದೀನೋ, ಗಂಡನ ಮನೆಗೆ ಹೋಗ್ತಿದ್ದೀನೋ ಒಂದೂ ತಿಳೀತಿಲ್ಲ ಕಣೋ," ಎಂದು ಬಿದ್ದು ಬಿದ್ದು ನಕ್ಕಳು. ನನಗೆ ಎಲ್ಲಿ ಆ ನಗುವೇ ಹೆರಿಗೆಗೆ ಕಾರಣವಾಗುತ್ತದೋ ಎಂದು ಜೀವ ಬಾಯಿಗೆ ಬಂದಿತ್ತು.

ಎರಡನೆಯ ಏರು ಮುಗಿದಾಗ ರೇಡಿಯೇಟರು ಕುದಿಯಿತು. ಗೌರಳನ್ನು ನೆರಳಿನಲ್ಲಿ ಕೂರಿಸಿ, ಅಪ್ಪನೂ ನಾನೂ ಹಳ್ಳಕ್ಕೆ ಇಳಿದೆವು. ಡಬ್ಬಕ್ಕೆ ನೀರು ತುಂಬುತ್ತಾ ಅಪ್ಪ ನನ್ನ ಮುಖ ನೋಡದೆ ಹೇಳಿದ:

"ನಾನ್ ಹಾಕಿದ ಎಣ್ಣೇಲೇ ಕೆಟ್ಟಿದ್ದು, ಅಲ್ವಾ ಮಗ?"

ಅಂದಿನ ಆಘಾತಗಳಲ್ಲಿ ಇದೇ ದೊಡ್ಡದು. ಸಾಬರಿಗಲ್ಲದೆ ನಾನು ಯಾರಿಗೂ ಹೇಳಿರಲಿಲ್ಲ. ಅವ್ವನಿಗೂ ಹೇಳಿರಲಿಲ್ಲ. "ನಿಂಗ್ಯಾರು ಹೇಳಿದ್ರಪ್ಪ? ಸಾಬ್ರಾ?"

"ಯಾರೂ ಹೇಳ್ಲಿಲ್ಲ. ನೀನು ಬಿ.ಎ. ಮಾಡ್ಕಂಡು ಬಂದಾಗ್ನಿಂದ, ನಾನು ಜಗುಲೀಲಿ ಉಗುದ್ರೆ ಬಯ್ತೀಯ, ಅಂಗಿ ಗುಂಡಿ ಹಾಕ್ದಿದ್ರೆ ಬಯ್ತೀಯ, ಕಾಫಿ ಸೊರ್ ಅಂದ್ರೆ ಬಯ್ತೀಯ. ಆವತ್ತು ಗೊಟ್ಟ ತಂದು ತೋರ್ಸಿದ್ರೆ ಒಂದ್ ಮಾತು ಬಯ್ಲಿಲ್ಲ. ಸರಿ ಅಂದ್ಬುಟ್ಟು ಕೈ ತೊಳೆಯೋಕ್ ಹೋದೆ. ಆಗ್ಲೇ ತಿಳ್ಕಂಡೆ, ಇದು ಬಯ್ಯೋದ್ರಲ್ಲಿ ತೀರೋ ಬಾಬ್ತಲ್ಲ ಅಂತ."

ಗೌರಳ ಹೆರಿಗೆ ಸುಣ್ಣ ಬಳಿದ ಆ ಕೋಣೆಯಲ್ಲೇ ಆಯಿತು, ಹೆಣ್ಣುಮಗು. ಗೇರ್‌ಬಾಕ್ಸಿನ ಸಾಮಾನು ಮಳೆಗಾಲ ಮುಗಿಯುವ ಹೊತ್ತಿಗೆ ಮದ್ರಾಸಿನಿಂದ ಬಂತು. ಖರ್ಚಿನ ವಿಷಯ ಬೇಡ, ಈಗಷ್ಟೇ ಊಟ ಮಾಡಿದ್ದೇನೆ. ಹೆತ್ತೂರು ಕಡೆ ಈಗ ಬಸುರಿಯರನ್ನು ಕಳಿಸುವಾಗ ಕಾರನ್ನು ಹಿಮ್ಮುಖವಾಗಿಯೇ ಅಂಗಳಕ್ಕೆ ತರಬೇಕು ಎಂಬ ಶಾಸ್ತ್ರ ಶುರುವಾಗಿದೆಯಂತೆ. ನಮ್ಮ ಬೀಗರೇ ಎಲ್ಲರಿಗೂ ಹೇಳಿಕೊಡುತ್ತಾರೆ.

ನಾನು ಮಾತ್ರ ಅಂದಿನಿಂದ ಅಪ್ಪನನ್ನು ಬಯ್ಯುವುದರಲ್ಲಿ ಚಾಚೂ ತಪ್ಪಿಲ್ಲ. ಉಗುಳಿದರೆ ಬಯ್ಯುತ್ತೇನೆ, ಗುಂಡಿ ಬಿಚ್ಚಿದರೆ ಬಯ್ಯುತ್ತೇನೆ, ಬೇಕೆಂದೇ ಜೋರಾಗಿ ಬಯ್ಯುತ್ತೇನೆ. ಅವನು ನೆಮ್ಮದಿಯಿಂದ ಕಾಫಿಯನ್ನು ಇನ್ನಷ್ಟು ಸೊರ್ ಎನ್ನಿಸುತ್ತಾನೆ. ಮೊನ್ನೆ ಯಾವುದೋ ಕೇಸಿನ ಯೋಚನೆಯಲ್ಲಿದ್ದೆ. ಅಪ್ಪ ಜಗುಲಿಯ ಮೇಲೆ ನನ್ನೆದುರಿಗೇ ಉಗುಳಿದ. ನಾನು ಗಮನಿಸದೆ ಸುಮ್ಮನೆ ಕುಳಿತಿದ್ದೆ. ಸ್ವಲ್ಪ ಹೊತ್ತು ಕಾದ. ಆಮೇಲೆ ಮೆಲ್ಲಗೆ ಎದ್ದು ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಕೇಳಿದ:

"ಏನ್ ಮಗ, ಈ ಸಲ ನಾನೇನ್ ಕೆಡಿಸ್ದೆ? ಎಷ್ಟಾಯ್ತು?"