ಅಕ್ಕು ಹಿಡಿದ ಸಾವಿರ ಮೊಟ್ಟೆ

ಇಚಿಲಂಪಾಡಿಯ ಅಕ್ಕುವಿಗೆ ಅಭಿಪ್ರಾಯವಿಲ್ಲದ ಯಂತ್ರ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಹುಟ್ಟಿದರೂ ಅದು ಕಡಬದಲ್ಲಿ ಬಸ್ಸಿಳಿದು ಜೀಪು ಹತ್ತಿ ಈ ಕಡೆಗೆ ಬರುವ ಮೊದಲೇ ಅಕ್ಕುವಿನ ತೀರ್ಪು ತಯಾರಾಗಿರುತ್ತಿತ್ತು.

ವಯಸ್ಸು ನಲವತ್ತೆಂಟು. ಓದು ಮೂರನೆಯ ಕ್ಲಾಸು. ಕೆಲಸ ಬೀಡಿ ಕಟ್ಟುವುದು, ದಿನಕ್ಕೊಂದು ಸಾವಿರ. ಮೊರದಂಥ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಉದುರಿಸಿ, ಸುತ್ತಿ, ತುದಿ ಮಡಚಿ, ನೂಲು ಬಿಗಿಯುವ ಕೆಲಸದಲ್ಲಿ ಕಣ್ಣಿಗೆ ಹೆಚ್ಚು ದುಡಿಮೆಯಿಲ್ಲ, ಬಾಯಿಗಂತೂ ಇಲ್ಲವೇ ಇಲ್ಲ. ಹೀಗೆ ಖಾಲಿ ಉಳಿದ ಬಾಯಿಯನ್ನು ಅಕ್ಕು ವಿಜ್ಞಾನಕ್ಕೆ ಕೊಟ್ಟಿದ್ದಳು.

ಪ್ರೆಶರ್ ಕುಕ್ಕರಿನ ಬಗ್ಗೆ ಅವಳು ಹೇಳಿದ್ದು ಇಷ್ಟು: "ಒಳಗೆ ಎಂತ ಆಗ್ತಾ ಉಂಟು ಅಂತ ನೋಡ್ಲಿಕ್ಕೆ ಬಿಡದ ಪಾತ್ರೆಯನ್ನು ನಂಬುದು ಹೇಗೆ? ಕೂಗುದು ಅದು, ಓಡುದು ನಾವು." ಗಲ್ಫಿನಿಂದ ಬಂದವರ ಕೈಯಲ್ಲಿ ಮುಳ್ಳಿಲ್ಲದ ವಾಚು ಕಂಡಾಗ ಹೇಳಿದಳು: "ಇದು ಈಗ ಎಷ್ಟು ಗಂಟೆ ಅಂತ ಹೇಳ್ತದೆ, ಇನ್ನೆಷ್ಟು ಹೊತ್ತು ಉಂಟು ಅಂತ ತೋರಿಸುದಿಲ್ಲ. ಮುಳ್ಳಿನ ವಾಚಿನಲ್ಲಿ ಎರಡೂ ಕಾಣ್ತದೆ." ಟೇಪ್ ರೆಕಾರ್ಡರಿನಲ್ಲಿ ತನ್ನ ನಾದಿನಿಯ ಮಾತನ್ನು ಮುದ್ರಿಸಿ ಕೇಳಿಸಿದಾಗ, ನಾದಿನಿಯನ್ನು ಒಂದು ಸಲ ಕೇಳುವುದೇ ಸಾಕಾಗಿದೆ, ತಿರುಗಿಸಿ ಕೇಳುವುದಕ್ಕೆ ಯಂತ್ರ ಕಂಡುಹಿಡಿದವನಿಗೆ ಮನೆಯಲ್ಲಿ ನಾದಿನಿ ಇರಲಿಕ್ಕಿಲ್ಲ ಎಂದಳು. ಇವೆಲ್ಲ ತಮಾಷೆಗೆ ಆಡಿದ ಮಾತುಗಳಲ್ಲ. ಅಕ್ಕು ಬೇಡವೆಂದ ಕಾರಣಕ್ಕೆ ಆ ಬೈಲಿನಲ್ಲಿ ಮೂರು ಮನೆಗಳಿಗೆ ಮಿಕ್ಸಿ ಬಂದಿರಲಿಲ್ಲ.

ಈ ಅಭಿಪ್ರಾಯಗಳಿಗೆ ವಿರೋಧಪಕ್ಷವೂ ಇತ್ತು. ಅದು ಬೀಡಿ ಬ್ರಾಂಚಿನ ಸಂಕಪ್ಪ. ವಾರಕ್ಕೆ ಮೂರು ದಿನ ಹೆಂಗಸರು ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ತಂದು ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಸಂಕಪ್ಪ ಒಂದೊಂದು ಕಟ್ಟನ್ನೂ ಮೂಗಿನ ಹತ್ತಿರ ಹಿಡಿದು ಪರೀಕ್ಷಿಸುತ್ತ, ನಡುನಡುವೆ ಪೇಪರಿನ ವಿಜ್ಞಾನದ ಸುದ್ದಿಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಅವನ ತಲೆಯ ಮೇಲಿನ ಹಲಗೆಯಲ್ಲಿ ಒಂದು ರೇಡಿಯೋ. ಅದರ ಕಿವಿ ತಿರುಗಿಸುವ ಹಕ್ಕು ಅವನೊಬ್ಬನದೇ. ಹೆಂಗಸರಿಗೆ ಸಿಲೋನಿನ ಹಾಡು ಬೇಕು. ಸಂಕಪ್ಪನಿಗೆ ದೆಹಲಿಯ ವಾರ್ತೆ ಬೇಕು, ಹವಾಮಾನ ವರದಿ ಬೇಕು. ಹೀಗಾಗಿ ಸಮುದ್ರವನ್ನು ಕಣ್ಣಿನಿಂದ ಕಾಣದ ಹದಿನೆಂಟು ಹೆಂಗಸರು ವರ್ಷವಿಡೀ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನು ಕೇಳುತ್ತ ಕುಳಿತಿರುತ್ತಿದ್ದರು.

"ಅಮೆರಿಕದಲ್ಲಿ ಕಂಪ್ಯೂಟರು ಚದುರಂಗ ಆಡ್ತದಂತೆ," ಎಂದು ಸಂಕಪ್ಪ ಒಂದು ದಿನ ಓದಿದ.

"ಸೋತರೆ ಅದಕ್ಕೆ ನಾಚಿಕೆ ಆಗ್ತದಾ?" ಅಕ್ಕು ಕೇಳಿದಳು.

"ಅದು ಯಂತ್ರ. ಅದಕ್ಕೆ ಎಂತ ನಾಚಿಕೆ?"

"ಹಾಗಾದ್ರೆ ಅದು ಆಡುದಲ್ಲ ಸಂಕಪ್ಪಣ್ಣ. ಸುಮ್ಮನೆ ಕಾಯಿ ದೂಡುದು."

ಸಾಲಿನಲ್ಲಿದ್ದವರು ನಕ್ಕರು. ಸಂಕಪ್ಪ ಆ ದಿನ ಅಕ್ಕುವಿನ ಬೀಡಿಯಲ್ಲಿ ಎರಡು ಕಟ್ಟನ್ನು ಸರಿಯಿಲ್ಲವೆಂದು ಹೆಚ್ಚಿಗೆ ತಳ್ಳಿದ.

ಸಾವಿರದ ಒಂಬೈನೂರ ಎಂಬತ್ತನಾಲ್ಕರ ಬಿಸು, ಅಂದರೆ ತುಳುವರ ಹೊಸ ವರ್ಷದ ಹಬ್ಬ, ಕಳೆದು ಎರಡು ವಾರಕ್ಕೆ ಅಕ್ಕುವಿನ ನೆರೆಮನೆಯ ಬೀಫಾತುಮ್ಮನ ತಮ್ಮ ಇದಿನಬ್ಬ ದುಬಾಯಿಯಿಂದ ರಜೆಗೆ ಬಂದ. ಬೀಫಾತುಮ್ಮನೂ ಬೀಡಿ ಕಟ್ಟುವವಳೇ. ಅವಳೂ ಅಕ್ಕುವೂ ಮಧ್ಯಾಹ್ನದ ಮೇಲೆ ಒಂದೇ ಜಗಲಿಯಲ್ಲಿ ಕೂರುವವರು. ಇದಿನಬ್ಬ ತಂದ ಅತ್ತರು, ಸೀರೆ, ಕೊಡೆಗಳ ನಡುವೆ ಸಾಬೂನು ಪೆಟ್ಟಿಗೆಯಷ್ಟು ದೊಡ್ಡ ಒಂದು ಆಟದ ಯಂತ್ರವಿತ್ತು. ಅದರ ಬೂದುಬಣ್ಣದ ಗಾಜಿನೊಳಗೆ ನಾಲ್ಕು ಮೂಲೆಗಳಲ್ಲಿ ನಾಲ್ಕು ಕೋಳಿ. ಅವು ಇಟ್ಟ ಮೊಟ್ಟೆ ಜಾರುಹಲಗೆಯ ಮೇಲೆ ಉರುಳಿಕೊಂಡು ಬರುತ್ತದೆ. ನಡುವೆ ಬುಟ್ಟಿ ಹಿಡಿದ ಒಬ್ಬ ಮನುಷ್ಯ. ನಾಲ್ಕು ಗುಂಡಿಗಳನ್ನು ಒತ್ತಿ ಅವನನ್ನು ಬೇಕಾದ ಮೂಲೆಗೆ ತಿರುಗಿಸಬೇಕು. ಹಿಡಿದ ಮೊಟ್ಟೆಗೆ ಒಂದು ಅಂಕ, ಅದರ ಲೆಕ್ಕ ಗಾಜಿನ ಮೇಲ್ಗಡೆ ಕಾಣುತ್ತದೆ. ಮೂರು ಮೊಟ್ಟೆ ಒಡೆದರೆ ಆಟ ಮುಗಿಯಿತು.

"ಹಿಡಿದು ಎಂತ ಮಾಡುದು?" ಅಕ್ಕು ವಿಚಾರಣೆ ಶುರುಮಾಡಿದಳು.

"ಎಂತ ಇಲ್ಲ. ಹಿಡಿಯುದೇ," ಎಂದಳು ಬೀಫಾತುಮ್ಮ.

"ಹಿಡಿಯದಿದ್ರೆ?"

"ಒಡೀತದೆ."

"ಕೋಳಿಗೆ ಬುದ್ಧಿ ಇಲ್ಲ, ಗೂಡಿನಲ್ಲಿ ಇಡುದು ಬಿಟ್ಟು ಗುಡ್ಡದ ತುದಿಯಲ್ಲಿ ಇಡ್ತದೆ. ಅವನಿಗೂ ಇಲ್ಲ, ಒಂದು ಚಾಪೆ ಹಾಸಿದ್ರೆ ಮುಗೀತಿತ್ತು. ಕೊಡು ಇಲ್ಲಿ."

ಮೊದಲನೆಯ ಸಲ ಹನ್ನೊಂದು ಮೊಟ್ಟೆ. ಎರಡನೆಯ ಸಲ ಅರುವತ್ತು. ದನ ಹಟ್ಟಿಗೆ ಬರುವ ಹೊತ್ತಿಗೆ ಇನ್ನೂರ ಹನ್ನೆರಡು. ನೆನೆಸಿಟ್ಟ ಬೀಡಿ ಎಲೆ ಒಣಗಿ ಮುರುಟತೊಡಗಿತ್ತು. ಅಕ್ಕು ಯಂತ್ರದ ಬಗ್ಗೆ ಯಾವ ಅಭಿಪ್ರಾಯವನ್ನೂ ಹೇಳದೆ ಮನೆಗೆ ಹೋದಳು. ಬೀಫಾತುಮ್ಮನಿಗೆ ಗಾಬರಿಯಾದದ್ದು ಆಗಲೇ.

ಮರುದಿನ ಬ್ರಾಂಚಿನಲ್ಲಿ ಇದೇ ಸುದ್ದಿ. ಸಂಕಪ್ಪ ಕನ್ನಡಕ ತೆಗೆದು ಒರೆಸಿ ವಿಷಯಕ್ಕೆ ಬಂದ.

"ಅದು ಮನುಷ್ಯನನ್ನು ಸೋಲಿಸ್ಲಿಕ್ಕೆಂದೇ ಮಾಡಿದ ಮೆಷಿನು. ನೀನು ಮೇಲೆ ಹೋದ ಹಾಗೆ ಅದು ವೇಗ ಹೆಚ್ಚಿಸ್ತಾ ಹೋಗ್ತದೆ. ಹೆಚ್ಚೆಂದ್ರೆ ಮುನ್ನೂರು, ನಾನೂರು. ಅದಕ್ಕಿಂತ ಮೇಲೆ ಮನುಷ್ಯರ ಕೈಯಲ್ಲಿ ಆಗ್ಲಿಕ್ಕಿಲ್ಲ."

"ಸಾವಿರ ಆಗ್ತದೆ," ಎಂದಳು ಅಕ್ಕು.

"ಸಾವಿರ ಅಂದ್ರೆ ಎಷ್ಟು ಅಂತ ಗೊತ್ತುಂಟಾ?"

ಹದಿನೆಂಟು ಹೆಂಗಸರೂ ಒಟ್ಟಿಗೆ ತಲೆಯೆತ್ತಿದರು. ಸಾವಿರ ಅಂದರೆ ಎಷ್ಟೆಂದು ಬೀಡಿ ಕಟ್ಟುವವಳನ್ನು ಕೇಳುವುದು ಬಸ್ಸಿನ ಕಂಡಕ್ಟರನನ್ನು ಟಿಕೇಟು ಅಂದರೇನು ಎಂದು ಕೇಳಿದ ಹಾಗೆ.

"ಶನಿವಾರ ಇಲ್ಲಿಯೇ ಮಾಡಿ ತೋರಿಸ್ತೇನೆ," ಎಂದಳು ಅಕ್ಕು. "ಗೆದ್ರೆ ಆ ರೇಡಿಯೋದ ಕಿವಿ ಒಂದು ವರ್ಷ ನಮ್ಮದು."

"ಆಗಲಿ. ಸೋತರೆ ಮುಂದಿನ ಬಿಸುವಿನವರೆಗೆ ನೀನು ಯಾವ ಮೆಷಿನಿನ ವಿಷಯಕ್ಕೂ ಬಾಯಿ ಬಿಡ್ಬಾರದು. ಒಳ್ಳೇದು ಅಂತಲೂ ಇಲ್ಲ, ಹಾಳು ಅಂತಲೂ ಇಲ್ಲ."

ಆ ಕ್ಷಣಕ್ಕೆ ಅಕ್ಕು ಧಾರಾಳವಾಗಿ ಒಪ್ಪಿಕೊಂಡಳು. ಮನೆಯ ದಾರಿಯಲ್ಲಿ ಹಳ್ಳದ ಮೇಲಿನ ಸಂಕ ದಾಟುವಾಗ ಮಾತ್ರ ಸೋತರೆ ಏನಾದೀತೆಂದು ಲೆಕ್ಕ ಹಾಕತೊಡಗಿದಳು. ಮಳೆಗಾಲ ಮುಗಿಯುವುದರೊಳಗೆ ಕಡಬಕ್ಕೆ ಟಿವಿ ಬರುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಊರಿಗೆ ಊರೇ ಅದನ್ನು ನೋಡಿಕೊಂಡು ಬಂದು ಅಕ್ಕುವಿನ ಮುಖ ನೋಡುತ್ತದೆ. ಅಕ್ಕು ಗೆರಸೆಯನ್ನು ನೋಡುತ್ತ ಕೂತಿರಬೇಕು. ಅದೂ ಹೋಗಲಿ, ಅವಳು ಬಾಯಿ ಮುಚ್ಚಿದ ವರ್ಷದಲ್ಲಿ ಆ ಮೂರೂ ಮನೆಯವರು ಮಿಕ್ಸಿ ತಂದುಬಿಟ್ಟರೆ?

ಅಂದಿನಿಂದ ಬೀಫಾತುಮ್ಮನ ಜಗಲಿ ಅಭ್ಯಾಸದ ಕಣವಾಯಿತು. ಇದಿನಬ್ಬ ತನ್ನ ಯಂತ್ರವನ್ನು ಮುಟ್ಟಬೇಕಾದರೆ ಅಪ್ಪಣೆ ಕೇಳಬೇಕಾಯಿತು. ಎರಡನೆಯ ದಿನ ಅಕ್ಕುವಿಗೆ ಒಂದು ವಿಷಯ ಹೊಳೆಯಿತು. ಮೊಟ್ಟೆ ಉರುಳುವಾಗ ಯಂತ್ರ ಟಿಕ್ ಟಿಕ್ ಎನ್ನುತ್ತದೆ, ಮತ್ತು ನಾಲ್ಕು ಕೋಳಿಗಳ ಟಿಕ್ಕು ನಾಲ್ಕು ಬಗೆ. ಮೇಲಿನ ಎಡಗಡೆಯದು ತೆಳ್ಳಗೆ, ಕೆಳಗಿನ ಬಲಗಡೆಯದು ದಪ್ಪ. ಕಣ್ಣಿನಿಂದ ಆಡಿದರೆ ಕಣ್ಣು ಒಂದನ್ನು ನೋಡುವಾಗ ಇನ್ನೊಂದು ಒಡೆಯುತ್ತದೆ. ಕಿವಿಯಿಂದ ಆಡಿದರೆ ನಾಲ್ಕೂ ಸಿಗುತ್ತವೆ. ಅವಳು ಗೋಡೆಯ ಕಡೆ ನೋಡುತ್ತ ಆಡತೊಡಗಿದಳು. ಬೀಡಿ ಕಟ್ಟುವಾಗಲೂ ಅವಳು ಬೀಡಿಯನ್ನು ನೋಡಿದವಳಲ್ಲ.

ಗುರುವಾರ ಎಂಟುನೂರ ಎಪ್ಪತ್ತೊಂದಕ್ಕೆ ಬಂದಿದ್ದಾಗ ಅವಳ ಗಂಡ ತ್ಯಾಂಪಣ್ಣ ಬೇಲಿಯಾಚೆ ನಿಂತು, "ಉಪ್ಪು ಎಲ್ಲಿಟ್ಟಿದ್ದಿ?" ಎಂದು ಕೇಳಿದ. ಮೂರನೆಯ ಮೊಟ್ಟೆ ಒಡೆಯಿತು. ಶನಿವಾರದವರೆಗೆ ಆ ಮನೆಯಲ್ಲಿ ತ್ಯಾಂಪಣ್ಣ ಕೈಸನ್ನೆಯಿಂದಲೇ ಬದುಕಿದ. ಉಪ್ಪು ಸಿಕ್ಕಿತೋ ಇಲ್ಲವೋ ಯಾರೂ ವಿಚಾರಿಸಲಿಲ್ಲ.

ಶನಿವಾರ ಮಧ್ಯಾಹ್ನ ಬ್ರಾಂಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರೇಡಿಯೋ ಬಂದ್ ಮಾಡಲಾಯಿತು. ಸಂಕಪ್ಪ ತನ್ನ ಕುರ್ಚಿಯನ್ನು ಅಕ್ಕುವಿಗೆ ಕೊಟ್ಟು ತಾನು ಹಿಂದೆ ನಿಂತ. ಬೀಫಾತುಮ್ಮ ಪಕ್ಕದಲ್ಲಿ ಬಗ್ಗಿ ನೂರು ನೂರಕ್ಕೊಮ್ಮೆ ಅಂಕ ಕೂಗುವುದೆಂದು ನಿಶ್ಚಯವಾಯಿತು. ಅಕ್ಕು ಸೀರೆಯ ಸೆರಗಿಗೆ ಎರಡೂ ಹೆಬ್ಬೆರಳು ಒರೆಸಿ, ಎದುರಿನ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಮೇಲೆ ಕಣ್ಣಿಟ್ಟು ಗುಂಡಿ ಒತ್ತಿದಳು.

ನೂರು, ಇನ್ನೂರು. ಮುನ್ನೂರಕ್ಕೆ ಮೊದಲ ಮೊಟ್ಟೆ ಒಡೆಯಿತು. ನಾನೂರಕ್ಕೆ ಸಂಕಪ್ಪ ಕೆಮ್ಮಿದ; ಸುತ್ತಲಿದ್ದ ಹೆಂಗಸರು ಅವನನ್ನು ನೋಡಿದ ರೀತಿಗೆ ಅವನ ಎರಡನೆಯ ಕೆಮ್ಮು ಗಂಟಲಲ್ಲೇ ಕರಗಿತು. ಆರುನೂರ ಐವತ್ತಕ್ಕೆ ಎರಡನೆಯ ಮೊಟ್ಟೆಯೂ ಹೋಯಿತು. ಇನ್ನೊಂದು ಒಡೆದರೆ ಒಂದು ವರ್ಷ ಮೌನ. ಎಂಟುನೂರರಲ್ಲಿ ಟಿಕ್ಕುಗಳು ಒಂದರ ಮೇಲೊಂದು ಬಿದ್ದು ಮಳೆಯಂತಾದವು. ಅಕ್ಕುವಿನ ಮುಖದಲ್ಲಿ ಏನೂ ಇರಲಿಲ್ಲ, ಹೆಬ್ಬೆರಳುಗಳು ಮಾತ್ರ ಬೇರೆ ಯಾರದೋ ಎಂಬಂತೆ ಕುಣಿಯುತ್ತಿದ್ದವು. ಒಂಬೈನೂರ ತೊಂಬತ್ತರಿಂದ ಎಲ್ಲರೂ ಉಸಿರಿನಲ್ಲೇ ಎಣಿಸತೊಡಗಿದರು. ತೊಂಬತ್ತೇಳು. ತೊಂಬತ್ತೆಂಟು. ತೊಂಬತ್ತೊಂಬತ್ತು.

ಮುಂದಿನ ಮೊಟ್ಟೆ ಬುಟ್ಟಿಗೆ ಬಿತ್ತು. ಗಾಜಿನಲ್ಲಿ ಸೊನ್ನೆ ಕಾಣಿಸಿತು.

"ಸೊನ್ನೆ," ಎಂದ ಸಂಕಪ್ಪ. ಅವನ ದನಿಯಲ್ಲಿ ಗೆಲುವಿಗಿಂತ ಆಶ್ಚರ್ಯವೇ ಹೆಚ್ಚಿತ್ತು. "ಎಲ್ಲರೂ ನೋಡಿ. ಸಾವಿರ ಅಂತ ತೋರಿಸ್ತದಾ? ಸೊನ್ನೆ. ಮೆಷಿನಿಗೆ ಸಿಟ್ಟು ಬಂದು ಎಲ್ಲ ಅಳಿಸಿ ಹಾಕಿತು."

"ಮೊಟ್ಟೆ ಒಡೀಲಿಲ್ಲವಲ್ಲ," ಎಂದಳು ಬೀಫಾತುಮ್ಮ.

"ಒಡೆದದ್ದು ಬೇರೆ, ಅಂಕ ಬೇರೆ. ಮಾತಾದದ್ದು ಸಾವಿರಕ್ಕೆ. ಇಲ್ಲಿ ಸಾವಿರ ಎಲ್ಲಿ ಉಂಟು, ತೋರಿಸು."

ಗಲಾಟೆ ಎದ್ದಿತು. ಸೊನ್ನೆ ಎಂಬ ಮಾತು ಅಕ್ಕುವಿನ ಕಿವಿಗೆ ಬಿತ್ತು. ಬಾಯಿ ತೆರೆದು ಹತ್ತು ಮಾತು ಹೇಳುವವಳೇ. ಆದರೆ ಕೋಳಿಗಳು ನಿಂತಿರಲಿಲ್ಲ. ತೆಳ್ಳಗಿನ ಟಿಕ್ಕು ಕೇಳಿಸಿತು. ಕೈ ಎಡಕ್ಕೆ ಹೋಯಿತು. ದಪ್ಪ ಟಿಕ್ಕು, ಬಲಕ್ಕೆ ಬಂತು. ಅವಳು ಬಾಯಿ ಮುಚ್ಚಿಕೊಂಡು ಆಡುತ್ತಲೇ ಇದ್ದಳು.

ಆಗ ಕಿಟಕಿಯಿಂದ ಒಂದು ತಲೆ ಒಳಗೆ ಬಂತು. ಬೀಡಿ ಪೆಟ್ಟಿಗೆಗಳನ್ನು ಕಡಬಕ್ಕೆ ಒಯ್ಯುವ ಜೀಪಿನ ಡ್ರೈವರ್ ಮಾಯಿಲಪ್ಪನ ತಲೆ.

"ಸಂಕಪ್ಪಣ್ಣ, ಒಂದು ಸಲ ಹೊರಗೆ ಬನ್ನಿ. ನನ್ನ ಮೀಟರು ನೋಡಿ."

"ಈಗ ಎಂತ ನಿನ್ನ ಮೀಟರು?"

"ಬನ್ನಿ ಮಾರಾಯ್ರೆ, ನಾಲ್ಕು ಹೆಜ್ಜೆ."

ಬೀಫಾತುಮ್ಮ ಒಬ್ಬಳನ್ನು ಬಿಟ್ಟು ಬ್ರಾಂಚಿಗೆ ಬ್ರಾಂಚೇ ಅಂಗಳಕ್ಕಿಳಿಯಿತು. ಮಾಯಿಲಪ್ಪನ ಜೀಪನ್ನು ಅರಿಯದವರು ಆ ದಾರಿಯಲ್ಲಿ ಯಾರೂ ಇಲ್ಲ. ಎಡಗಡೆಯ ಬಾಗಿಲನ್ನು ಹಗ್ಗದಿಂದ ಕಟ್ಟಿತ್ತು. ಕಾಲಿಡುವಲ್ಲಿನ ತೂತಿನಿಂದ ರಸ್ತೆ ಕಾಣುತ್ತಿತ್ತು. ಸಂಕಪ್ಪ ಕನ್ನಡಕ ಸರಿಮಾಡಿಕೊಂಡು ಸ್ಟಿಯರಿಂಗಿನ ಹಿಂದೆ ಬಗ್ಗಿದ.

"ಓದಿ," ಎಂದ ಮಾಯಿಲಪ್ಪ.

"ಸಾವಿರದ ಎಂಟುನೂರ ನಲವತ್ತಾರು ಕಿಲೋಮೀಟರು."

"ಹಾಗಾದ್ರೆ ಇದು ಹೊಸ ಜೀಪು. ಮೊನ್ನೆ ಮೊನ್ನೆ ಶೋರೂಮಿನಿಂದ ತಂದದ್ದು."

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸೇವಂತಿ ಎಂಬವಳಿಗೆ ತಡೆಯಲಾಗದೆ ಜೀಪಿನ ಬಾನೆಟ್ಟಿನ ಮೇಲೆ ಕೈಯೂರಿ ನಗತೊಡಗಿದಳು. ಬಾನೆಟ್ಟು ಒಳಕ್ಕೆ ತಗ್ಗಿತು.

"ದೀಪಾವಳಿಗೆ ಬಿಳಿನೆಲೆಯಲ್ಲಿ ಎಲ್ಲ ಒಂಬತ್ತು ಇದ್ದದ್ದು ಎಲ್ಲ ಸೊನ್ನೆ ಆಯ್ತು," ಎಂದ ಮಾಯಿಲಪ್ಪ. "ನಾನು ಇಳಿದು ನೋಡಿದೆ. ಟಯರು ಹಳೇದೇ ಇತ್ತು. ನನ್ನ ಬೆನ್ನುನೋವೂ ಹಳೇದೇ."

"ಇದು ಹಲ್ಲುಚಕ್ರದ ಮೀಟರು ಮಾರಾಯ. ಅದು ಎಲೆಕ್ಟ್ರಾನಿಕ್ಸು."

"ಎಲೆಕ್ಟ್ರಾನಿಕ್ಸಿಗೆ ಕೂರ್ಲಿಕ್ಕೆ ಜಾಗ ಬೇಡ್ವಾ? ಅಲ್ಲಿ ಇರುದು ಮೂರೇ ಅಂಕಿಗೆ ಜಾಗ. ನಾಲ್ಕನೆಯದು ಯಾರ ಮಡಿಲಿನಲ್ಲಿ ಕೂರುದು?"

ಸಂಕಪ್ಪ ಇನ್ನೊಮ್ಮೆ ಬಗ್ಗಿ ಮೀಟರು ನೋಡಿದ. ಕಾಲಿನ ತೂತಿನಿಂದ ರಸ್ತೆಯನ್ನೂ ನೋಡಿದ. ಅವನಲ್ಲಿ ದೋಷಗಳು ಹಲವಿದ್ದವು, ಕಣ್ಣೆದುರಿಗಿನ ಪ್ರಮಾಣವನ್ನು ಇಲ್ಲವೆನ್ನುವ ದೋಷ ಮಾತ್ರ ಇರಲಿಲ್ಲ. ಹೀಗೆ ಸೋಲುವುದರಲ್ಲಿ ಒಂದು ವಿಜ್ಞಾನದ ಪಾಠವೂ ಇದೆಯೆಂದು ಕಂಡು ಅವನ ಮುಖ ನಿಧಾನಕ್ಕೆ ಬೆಳಗಿತು.

"ಒಪ್ಪಿದೆ," ಎಂದ. "ಅದು ಸೊನ್ನೆ ಅಲ್ಲ. ಜಾಗ ಸಾಲದೆ ಸೊನ್ನೆಯ ಹಾಗೆ ಕಾಣುವ ಸಾವಿರ."

ಹೋ ಎಂದು ಎಲ್ಲರೂ ಒಳಗೆ ನುಗ್ಗಿದರು. ಒಬ್ಬಳು ಗೆರಸೆ ಬಡಿದಳು. ಇನ್ನೊಬ್ಬಳು ಸಂಕಪ್ಪ ಎದುರಿಗಿದ್ದಾನೆಂಬುದನ್ನೂ ಮರೆತು ಎರಡು ಸುತ್ತು ಕುಣಿದಳು. ಅವರೆಲ್ಲ ಹೊರಗೆ ಹೋಗುವಾಗ ಹೇಗಿದ್ದಳೋ ಅಕ್ಕು ಹಾಗೆಯೇ ಕುರ್ಚಿಯಲ್ಲಿದ್ದಳು: ಕಣ್ಣು ಕ್ಯಾಲೆಂಡರಿನ ಮೇಲೆ, ಹೆಬ್ಬೆರಳುಗಳು ತಮ್ಮ ಕೆಲಸದಲ್ಲಿ. ಬಾಯಿಯ ಒಂದು ಮೂಲೆ ಮಾತ್ರ ಮೇಲಕ್ಕೆ ಹೋಗಿತ್ತು. ಟಿವಿಯೂ ಮಿಕ್ಸಿಯೂ ಯಾವಾಗಲೋ ಅವಳ ತಲೆಯಿಂದ ಜಾರಿ ಹೋಗಿದ್ದವು.

"ಸಾವಿರದ ನೂರ ಎಂಬತ್ತೆರಡು," ಎಂದು ಬೀಫಾತುಮ್ಮ ಪಿಸುಗುಟ್ಟಿದಳು.

"ಗೆದ್ದಿ ಅಕ್ಕು," ಎಂದ ಸಂಕಪ್ಪ. ಮಾತಿಗೆ ತಪ್ಪದವನಾಗಿ ಹಲಗೆಯತ್ತ ಕೈಚಾಚಿ ರೇಡಿಯೋ ಹಾಕಿದ. ಅದು ಗೊರಗೊರ ಎಂದಿತು. "ಹೇಳು, ಎಲ್ಲಿಗೆ ತಿರುಗಿಸ್ಲಿ? ಸಿಲೋನಿಗಾ?"

ಅಕ್ಕುವಿನ ಹೆಬ್ಬೆರಳು ಎಡಗಡೆಯ ಗುಂಡಿ ಒತ್ತಿತು.

"ಕೇಳುದು ನಿನ್ನನ್ನೇ. ಇನ್ನು ನೀನು ಎಂತ ಬೇಕಾದರೂ ಹೇಳಬಹುದು."

"ಅದನ್ನು ಬಂದ್ ಮಾಡಿ ಸಂಕಪ್ಪಣ್ಣ," ಅಕ್ಕು ತುಟಿ ಅಲುಗಿಸದೆ ಹೇಳಿದಳು. "ಕೋಳಿಯ ಸ್ವರ ಕೇಳುದಿಲ್ಲ."

"ಹಾಡು ಬೇಡ್ವಾ ಅಕ್ಕೂ?" ಸೇವಂತಿಯ ದನಿ ಅಳುವಂತಿತ್ತು.

"ಅದೆಲ್ಲ ಮತ್ತೆ, ಆಟ ಮುಗಿದ ಮೇಲೆ. ಈಗ ಯಾರೂ ಮಾತಾಡ್ಬೇಡಿ."

ಸಂಕಪ್ಪ ರೇಡಿಯೋ ನಿಲ್ಲಿಸಿದ. ಕುರ್ಚಿ ಕೊಟ್ಟುಬಿಟ್ಟಿದ್ದರಿಂದ ಎಲೆಯ ಗೋಣಿಯ ಮೇಲೆ ಸದ್ದಾಗದಂತೆ ಕುಳಿತು, ಕೆಮ್ಮು ಬಂದೀತೆಂದು ಬಾಯಿಗೆ ಅಂಗೈ ಒತ್ತಿಕೊಂಡ. ಹೊರಗೆ ಹೊತ್ತಾಯಿತೆಂದು ಹಾರ್ನಿನ ಮೇಲೆ ಕೈಯಿಟ್ಟ ಮಾಯಿಲಪ್ಪನನ್ನು ಬೀಫಾತುಮ್ಮ ಕಿಟಕಿಯಿಂದ ಕಣ್ಣು ಬಿಟ್ಟು ತಡೆದಳು.